ದಾದಿಯ ವಿದ್ಯಾರ್ಥಿ ವೇತನ: ದಾನವೇ, ಸಾಲವೇ, ಸಂಬಳವೇ?

ವಿದ್ಯೆಗೆ ಒದಗುವ ನೆರವಿಗೆ ನಮ್ಮ ನುಡಿಯಲ್ಲಿ ಹಲವು ಹೆಸರುಗಳಿವೆ. ಒಂದೊಂದು ಹೆಸರಿನ ಬೆನ್ನಿಗೂ ಒಂದೊಂದು ಮನೋಭಾವವಿದೆ. ವಾರದ ಏಳು ದಿನವೂ ಏಳು ಮನೆಗಳಲ್ಲಿ ಉಂಡು ಓದಿದ ಹುಡುಗನಿಗೆ ದೊರೆತುದು ವಾರಾನ್ನ. ಅದು ಗೃಹಸ್ಥರ ದಾನ. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ದೊರೆತುದು ಪ್ರಸಾದ. ಬ್ಯಾಂಕಿನಲ್ಲಿ ದೊರೆಯುವುದು ಸಾಲ. ಸರಕಾರ ಕೊಡುವ ಹಣವನ್ನು ಮಾತ್ರ ನಾವು ‘ವಿದ್ಯಾರ್ಥಿ ವೇತನ’ವೆಂದು ಕರೆಯುತ್ತ ಬಂದಿದ್ದೇವೆ. ವೇತನವೆಂದರೆ ದುಡಿಮೆಗೆ ಸಲ್ಲುವ ಪ್ರತಿಫಲ. ಓದುವವನು ಯಾರಿಗೆ ಏನು ದುಡಿದನೆಂದು ಆತನಿಗೆ ವೇತನ ಕೊಡಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣುವುದಿಲ್ಲ. ಇತಿಹಾಸವನ್ನೋ ಗಣಿತವನ್ನೋ ಓದುವವನ ಮಟ್ಟಿಗೆ ಆ ಪದ ಒಂದು ಗೌರವದ ಮಾತು, ಅಷ್ಟೆ.

ಆದರೆ ಈ ಪದವು ಅಕ್ಷರಶಃ ಒಪ್ಪುವ ವಿದ್ಯಾರ್ಥಿಗಳೂ ಇದ್ದಾರೆ. ಶುಶ್ರೂಷೆಯನ್ನು ಕಲಿಯುವ ಹುಡುಗಿ ಕಲಿಯುತ್ತಿರುವಾಗಲೇ ರೋಗಿಯ ಹಾಸಿಗೆಯನ್ನು ಬದಲಿಸುತ್ತಾಳೆ, ಗಾಯವನ್ನು ತೊಳೆಯುತ್ತಾಳೆ, ಇರುಳೆಲ್ಲ ಎಚ್ಚತ್ತಿದ್ದು ನಾಡಿ ಹಿಡಿಯುತ್ತಾಳೆ. ಅಂಗಮರ್ದನ, ಕ್ಷಕಿರಣ, ಪ್ರಸೂತಿ ವಿದ್ಯೆಗಳನ್ನು ಕಲಿಯುವವರ ಪಾಡೂ ಇದೇ. ಅವರ ಪಾಠಶಾಲೆಯ ಅರ್ಧ ಭಾಗ ಆಸ್ಪತ್ರೆಯ ವಾರ್ಡು. ಹಾಗಾದರೆ ಅವರಿಗೆ ಕೊಡುವ ಹಣ ದಾನವೋ, ಸಾಲವೋ, ಸಂಬಳವೋ? ಇಂಗ್ಲೆಂಡು ಈ ಪ್ರಶ್ನೆಗೆ ನೂರ ಅರುವತ್ತು ವರ್ಷಗಳಲ್ಲಿ ಒಂದಾದ ಮೇಲೊಂದರಂತೆ ಮೂರು ಉತ್ತರಗಳನ್ನೂ ಕೊಟ್ಟು ನೋಡಿದೆ. ಆಧುನಿಕ ಶುಶ್ರೂಷಾ ಶಿಕ್ಷಣದ ತೌರುಮನೆಯೇ ಆ ದೇಶವಾದುದರಿಂದಲೂ, ಅಲ್ಲಿ ಕೊಟ್ಟ ಉತ್ತರದ ಭಾರ ಕೊನೆಗೆ ನಮ್ಮ ಮನೆಗಳ ಮೇಲೂ ಬಂದು ಬಿದ್ದಿರುವುದರಿಂದಲೂ ಆ ಕಥೆ ನಾವು ತಿಳಿಯತಕ್ಕದ್ದು.

ಸೈನಿಕರ ಒಂದು ದಿನದ ಸಂಬಳ

ಕ್ರಿಮಿಯಾ ಯುದ್ಧದ ಕಾಲದಲ್ಲಿ ಗಾಯಾಳುಗಳ ಸೇವೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲಳ ಗೌರವಾರ್ಥವಾಗಿ ೧೮೫೫ರಲ್ಲಿ ಲಂಡನ್ನಿನಲ್ಲಿ ಒಂದು ನಿಧಿ ಪ್ರಾರಂಭವಾಯಿತು. ಶ್ರೀಮಂತರು ವಂತಿಗೆ ಕೊಟ್ಟರು. ಯುದ್ಧಭೂಮಿಯಲ್ಲಿದ್ದ ಸಾಮಾನ್ಯ ಸೈನಿಕರೂ ತಮ್ಮ ಒಂದು ದಿನದ ಸಂಬಳವನ್ನು ಸಲ್ಲಿಸಿದರು. ಒಟ್ಟು ೪೪,೦೦೦ ಪೌಂಡುಗಳಷ್ಟು ಕೂಡಿತು. ಆ ಕಾಲಕ್ಕೆ ಅದೊಂದು ಬಹು ದೊಡ್ಡ ಮೊತ್ತ. ನೈಟಿಂಗೇಲ್ ಆ ಹಣದಿಂದ ಸ್ಮಾರಕವನ್ನು ಕಟ್ಟಿಸಲಿಲ್ಲ. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯೊಂದನ್ನು ತೆರೆಯಿಸಿದಳು.

ಆ ಶಾಲೆಯ ಮೊದಲ ತಂಡದಲ್ಲಿ ಹದಿನೈದು ಮಂದಿ ಶಿಕ್ಷಾರ್ಥಿನಿಯರಿದ್ದರು. ಊಟ, ವಸತಿ, ಉಡುಪು ನಿಧಿಯ ಖರ್ಚು. ಅದರ ಮೇಲೆ ವರ್ಷಕ್ಕೆ ಹತ್ತು ಪೌಂಡು ಕೈಖರ್ಚು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಹುಡುಗಿ ಕಲಿಯಲು ಬಂದಾಗ ಆಕೆಯಿಂದ ಹಣ ಕೇಳಲಿಲ್ಲ. ಆಕೆಗೇ ಹಣ ಕೊಟ್ಟರು. ಬಡ ಮನೆಯ ಹುಡುಗಿ ವರ್ಷವಿಡೀ ಗಳಿಕೆಯನ್ನು ಬಿಟ್ಟು ಬರಲಾರಳೆಂಬುದನ್ನು ಆ ಹೆಣ್ಣುಮಗಳು ಅರಿತಿದ್ದಳು. ಮುಂದೆ ಉಳ್ಳವರ ಮನೆಯಿಂದ ಬಂದ ‘ವಿಶೇಷ’ ಶಿಕ್ಷಾರ್ಥಿನಿಯರು ತಮ್ಮ ಊಟ ವಸತಿಗೆ ತಾವೇ ಹಣ ತೆತ್ತು ಕಲಿತರು. ಮೇಲ್ವಿಚಾರಕಿಯರ ಹುದ್ದೆಗಳು ಹೆಚ್ಚಾಗಿ ಅವರಿಗೆ ಮೀಸಲಾದುವು. ಹಣ ಕೊಟ್ಟವಳು ಮೇಲೆ, ಹಣ ಪಡೆದವಳು ಕೆಳಗೆ ಎಂಬ ಭೇದವೂ ಅಂದೇ ಮೊಳೆಯಿತು.

ನಿಧಿಯ ಹಣ ಪುಕ್ಕಟೆಯಾಗಿರಲಿಲ್ಲ. ಕಲಿತ ಮೇಲೆ ನಿಧಿಯವರು ತೋರಿಸಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ಸೇವೆ ಮಾಡುವ ಕಟ್ಟುಪಾಡಿತ್ತು. ಅಂದರೆ ಮೊದಲ ಉತ್ತರದಲ್ಲಿ ದಾನವೂ ಇತ್ತು, ಸಂಬಳವೂ ಇತ್ತು, ದುಡಿದು ತೀರಿಸುವ ಋಣವೂ ಇತ್ತು. ಮೂರೂ ಒಂದೇ ಗಂಟಿನಲ್ಲಿ ಸೇರಿಕೊಂಡಿದ್ದುವು.

ಕಲಿಯುವ ಕೈ, ದುಡಿಯುವ ಕೈ

ಆ ಬಳಿಕ ಶತಮಾನಕ್ಕೂ ಮಿಕ್ಕ ಕಾಲ ಇಂಗ್ಲೆಂಡಿನ ಆಸ್ಪತ್ರೆಗಳು ನಡೆದುದು ಶಿಕ್ಷಾರ್ಥಿನಿಯರ ತೋಳ್ಬಲದಿಂದಲೇ ಎಂದರೆ ಅತಿಶಯವಾಗಲಾರದು. ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆ ಸ್ಥಾಪನೆಯಾದಾಗ ವಾರ್ಡುಗಳಲ್ಲಿ ಕೈಗಳ ಕೊರತೆ ಬಲವಾಗಿತ್ತು. ಅದನ್ನು ತುಂಬಲು ಕೆರಿಬಿಯನ್ ದ್ವೀಪಗಳಿಂದ ಹುಡುಗಿಯರನ್ನು ಕರೆತಂದರು. ಶಿಕ್ಷಣದ ಕಾಲದಲ್ಲಿಯೇ ಭತ್ಯೆ ಸಿಕ್ಕುವುದೆಂಬ ಭರವಸೆ ಅವರನ್ನು ಸಮುದ್ರ ದಾಟಿಸಿದ ಕಾರಣಗಳಲ್ಲೊಂದು. ಅವರಲ್ಲಿ ಅನೇಕರನ್ನು ಮೂರು ವರ್ಷದ ಪೂರ್ಣ ಶಿಕ್ಷಣಕ್ಕೆ ಬದಲಾಗಿ ಎರಡು ವರ್ಷದ ಕೆಳದರ್ಜೆಯ ಶಿಕ್ಷಣಕ್ಕೆ ಹಾಕಿದರೆಂಬುದು ಆ ಇತಿಹಾಸದ ಕಹಿ ಪುಟ.

ಆ ಕಾಲದ ಶಿಕ್ಷಾರ್ಥಿನಿ ಆಸ್ಪತ್ರೆಯ ನೌಕರಳು. ತಿಂಗಳಿಗೊಮ್ಮೆ ಸಂಬಳ ಬರುತ್ತಿತ್ತು, ರಜೆ ಇತ್ತು, ಇರಲು ದಾದಿಯರ ನಿಲಯವಿತ್ತು. ಆದರೆ ಪಾಠದ ಹೊತ್ತಿನಲ್ಲಿ ವಾರ್ಡಿನಲ್ಲಿ ಜನ ಕಡಿಮೆಯಾದರೆ ಪಾಠ ನಿಲ್ಲುತ್ತಿತ್ತು, ವಾರ್ಡು ನಡೆಯುತ್ತಿತ್ತು. ಆಕೆ ವಿದ್ಯಾರ್ಥಿನಿಯೆಂಬುದು ಕಾಗದದ ಮೇಲೆ. ಅಗ್ಗದ ಕೆಲಸದವಳೆಂಬುದು ವ್ಯವಹಾರದಲ್ಲಿ. ಈ ಕೊರತೆಯನ್ನು ನೀಗಿಸಲು ೧೯೮೬ರಲ್ಲಿ ‘ಪ್ರಾಜೆಕ್ಟ್ ೨೦೦೦’ ಎಂಬ ಯೋಜನೆಯನ್ನು ಮುಂದಿಟ್ಟರು. ೧೯೮೯ರಿಂದ ಅದು ಆಚರಣೆಗೆ ಬಂದಿತು. ಶಿಕ್ಷಾರ್ಥಿನಿ ಆಸ್ಪತ್ರೆಯ ಪಟ್ಟಿಯಿಂದ ಹೊರಬಂದು ಕಾಲೇಜಿನ ಪಟ್ಟಿಗೆ ಸೇರಿದಳು. ವಾರ್ಡಿನಲ್ಲಿ ಆಕೆಯನ್ನು ಸಿಬ್ಬಂದಿಯ ಲೆಕ್ಕಕ್ಕೆ ಹಿಡಿಯಕೂಡದೆಂದು ನಿಯಮವಾಯಿತು. ಸಂಬಳ ಹೋಗಿ ಬರ್ಸರಿ ಎಂಬ ವಿದ್ಯಾರ್ಥಿ ವೇತನ ಬಂದಿತು.

ಇದು ದೊಡ್ಡ ಹೆಜ್ಜೆ, ಅದರಲ್ಲಿ ಸಂದೇಹವಿಲ್ಲ. ಕೈಗೆಲಸವೆಂದು ಎಣಿಸಿದ್ದ ವಿದ್ಯೆಗೆ ಶಾಸ್ತ್ರದ ಪದವಿ ಬಂದಿತು. ೨೦೧೩ರ ವೇಳೆಗೆ ಇಂಗ್ಲೆಂಡಿನಲ್ಲಿ ಹೊಸದಾಗಿ ದಾದಿಯಾಗಬೇಕಾದವರೆಲ್ಲರೂ ವಿಶ್ವವಿದ್ಯಾನಿಲಯದ ಪದವಿಯನ್ನೇ ಓದಬೇಕೆಂದಾಯಿತು. ಆದರೆ ಗೌರವ ಬಂದ ಬಾಗಿಲಿನಿಂದಲೇ ಇನ್ನೊಂದು ಆಲೋಚನೆಯೂ ಮೆಲ್ಲನೆ ಒಳಗೆ ಬಂದಿತು: ಈಕೆಯೂ ಇತರರಂತೆ ವಿದ್ಯಾರ್ಥಿನಿಯಾದ ಮೇಲೆ ಇತರರಂತೆ ಸಾಲ ಮಾಡಿ ಓದಿದರೇನು?

ಸಾಲವೆಂಬ ಉತ್ತರ

೨೦೧೫ರ ನವೆಂಬರಿನಲ್ಲಿ ಅಂದಿನ ಅರ್ಥಸಚಿವ ಜಾರ್ಜ್ ಆಸ್ಬೋರ್ನ್ ಈ ಆಲೋಚನೆಯನ್ನು ಸರಕಾರದ ನಿರ್ಧಾರವಾಗಿ ಘೋಷಿಸಿದರು. ಅಲ್ಲಿಯವರೆಗೆ ದಾದಿ ವಿದ್ಯಾರ್ಥಿಗಳ ಬೋಧನ ಶುಲ್ಕವನ್ನು ಆರೋಗ್ಯ ಸೇವೆಯೇ ಭರಿಸುತ್ತಿತ್ತು. ಮನೆಯ ಆದಾಯವನ್ನು ನೋಡದೆ ವರ್ಷಕ್ಕೆ ೧,೦೦೦ ಪೌಂಡು, ಆದಾಯವನ್ನು ನೋಡಿ ಅದರ ಮೇಲೆ ಇನ್ನಷ್ಟು ಕೊಡುತ್ತಿತ್ತು. ೨೦೧೭ರ ಆಗಸ್ಟಿನಿಂದ ಸೇರಿದ ಹೊಸ ವಿದ್ಯಾರ್ಥಿಗಳಿಗೆ ಇದೆಲ್ಲ ನಿಂತಿತು. ವರ್ಷಕ್ಕೆ ೯,೨೫೦ ಪೌಂಡಿನವರೆಗಿನ ಶುಲ್ಕಕ್ಕೆ ಸಾಲ ತೆಗೆಯಬೇಕಾಯಿತು; ಊಟ ವಸತಿಗೂ ಸಾಲವೇ. ಆಗ ಮೂರು ವರ್ಷದ ಶುಲ್ಕವೊಂದೇ ೨೭,೭೫೦ ಪೌಂಡು ಆಗುತ್ತಿತ್ತು. ಅದೇ ವರ್ಷ ಕಲಿತು ಹೊರಬಂದ ದಾದಿಯ ಪ್ರಾರಂಭದ ವಾರ್ಷಿಕ ಸಂಬಳ ಸುಮಾರು ೨೨,೦೦೦ ಪೌಂಡು.

ಸರಕಾರದ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ವಿದ್ಯಾರ್ಥಿ ವೇತನಕ್ಕೆ ತೆಗೆದಿಟ್ಟ ಹಣಕ್ಕೆ ಮಿತಿಯಿದ್ದುದರಿಂದ ಓದುವವರ ಸಂಖ್ಯೆಗೂ ಮಿತಿಯಿತ್ತು. ಯೋಗ್ಯರಾದ ಅನೇಕರಿಗೆ ಸ್ಥಾನ ಸಿಕ್ಕುತ್ತಿರಲಿಲ್ಲ. ಸಾಲದ ಪದ್ಧತಿ ಬಂದರೆ ಆ ಮಿತಿ ತೊಲಗಿ ೨೦೨೦ರ ವೇಳೆಗೆ ೧೦,೦೦೦ ಹೆಚ್ಚಿನ ಸ್ಥಾನಗಳು ಹುಟ್ಟುವುವು ಎಂದು ಸರಕಾರ ಹೇಳಿತು. ಓದುವಾಗ ವಿದ್ಯಾರ್ಥಿಯ ಕೈಗೆ ಬರುವ ಹಣ ಹಿಂದಿಗಿಂತ ಹೆಚ್ಚಾಗುವುದೆಂದೂ ಹೇಳಿತು. ಅಲ್ಲಿಯ ಸಾಲವೂ ನಮ್ಮ ಲೇವಾದೇವಿಯ ಸಾಲದಂತಲ್ಲ. ಗೊತ್ತಾದ ಮಟ್ಟವನ್ನು ಮೀರಿದ ಗಳಿಕೆಯ ಶೇಕಡಾ ೯ರಷ್ಟನ್ನು ಮಾತ್ರ ಹಿಡಿಯುತ್ತಾರೆ, ಗೊತ್ತಾದ ಅವಧಿ ಕಳೆದ ಮೇಲೆ ಉಳಿದುದನ್ನು ಬಿಟ್ಟುಬಿಡುತ್ತಾರೆ. ಕಾಗದದ ಮೇಲೆ ಇದು ತರ್ಕಬದ್ಧವಾದ ವಾದವೇ.

ಆದರೆ ಜನ ಕಾಗದವನ್ನು ಓದಲಿಲ್ಲ. ತಮ್ಮ ಬಾಳನ್ನು ನೋಡಿಕೊಂಡರು. ೨೦೧೬ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಶುಶ್ರೂಷಾ ಪದವಿಗೆ ಅರ್ಜಿ ಹಾಕಿದವರು ಸುಮಾರು ೪೩,೮೦೦ ಮಂದಿ. ಮರುವರ್ಷ ಅದೇ ಹೊತ್ತಿಗೆ ಸುಮಾರು ೩೩,೮೦೦. ಒಂದೇ ವರ್ಷದಲ್ಲಿ ಶೇಕಡಾ ೨೩ರಷ್ಟು ಇಳಿತ. ಅರ್ಜಿದಾರರು ಸ್ಥಾನಗಳಿಗಿಂತ ಹೆಚ್ಚಾಗಿದ್ದುದರಿಂದ ಸೇರಿದವರ ಸಂಖ್ಯೆ ಅಷ್ಟು ಕುಸಿಯಲಿಲ್ಲವೆಂಬುದೂ ನಿಜವೇ. ಆದರೆ ಭರವಸೆ ಕೊಟ್ಟಿದ್ದುದು ಏರಿಕೆಯದು; ಆ ಏರಿಕೆ ನಿರೀಕ್ಷಿಸಿದ ವೇಗದಲ್ಲಿ ಬರಲೇ ಇಲ್ಲ. ವಯಸ್ಸಿನಲ್ಲಿ ಹಿರಿಯರಾದವರ ಅರ್ಜಿಗಳಂತೂ ಇನ್ನೂ ತೀವ್ರವಾಗಿ ಇಳಿದುವು. ಮನೋರೋಗಿಗಳ ಮತ್ತು ಬುದ್ಧಿಮಾಂದ್ಯರ ಶುಶ್ರೂಷೆಯಂಥ ವಿಭಾಗಗಳು ಬಾಳನ್ನು ಕಂಡ ಇಂಥ ಹಿರಿಯರನ್ನೇ ನಚ್ಚಿಕೊಂಡಿದ್ದುವು. ಹೆಚ್ಚಿನ ಪೆಟ್ಟು ಬಿದ್ದುದೂ ಅವಕ್ಕೇ.

ಗಂಟೆಗಳ ಲೆಕ್ಕ

ಇತರ ವಿದ್ಯಾರ್ಥಿಗಳು ಸಾಲ ಮಾಡಿ ಓದುತ್ತಿರುವಾಗ ಇವರಿಗೇನು ವಿಶೇಷ ಎಂಬ ಪ್ರಶ್ನೆಗೆ ಉತ್ತರ ಗಂಟೆಗಳ ಲೆಕ್ಕದಲ್ಲಿದೆ. ಈ ಬದಲಾವಣೆ ನಡೆದ ಕಾಲದ ನಿಯಮದಂತೆ ದಾದಿಯ ಶಿಕ್ಷಣ ಒಟ್ಟು ೪,೬೦೦ ಗಂಟೆಗಳದು. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ ೨,೩೦೦ ಗಂಟೆ, ರೋಗಿಗಳ ಬಳಿ ಕಳೆಯತಕ್ಕದ್ದು. ಅಂಗಮರ್ದನ ಚಿಕಿತ್ಸೆಯ ವಿದ್ಯಾರ್ಥಿಗೂ ೧,೦೦೦ ಗಂಟೆಗಳ ಇಂಥ ಅಭ್ಯಾಸವುಂಟು. ಸಾಹಿತ್ಯದ ವಿದ್ಯಾರ್ಥಿಗೆ ಬೇಸಿಗೆಯ ದೀರ್ಘ ರಜೆಯಿದೆ. ಸಂಜೆಯ ಹೊತ್ತು ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ಕೈಖರ್ಚನ್ನು ಸಂಪಾದಿಸಬಹುದು. ಹನ್ನೆರಡು ಗಂಟೆಗಳ ಪಾಳಿಯನ್ನು ಮುಗಿಸಿ ಬಂದವಳಿಗೆ ಆ ಸಂಜೆ ಎಲ್ಲಿಯದು? ಆಸ್ಪತ್ರೆ ಬೇರೆ ಊರಿನಲ್ಲಿದ್ದರೆ ಹೋಗಿಬರುವ ಖರ್ಚು, ಅಲ್ಲಿ ತಂಗುವ ಖರ್ಚು ಬೇರೆ. ಮಗುವಿರುವ ತಾಯಿಯಾದರೆ ಇರುಳ ಪಾಳಿಯಲ್ಲಿ ಅದನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದ ಹಣ ಬೇರೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಿಯಮದ ಪ್ರಕಾರ ಆಕೆ ಸಿಬ್ಬಂದಿಯಲ್ಲ. ಆದರೆ ರೋಗಿ ನೀರು ಕೇಳಿದಾಗ ‘ನಾನು ಸಿಬ್ಬಂದಿಯಲ್ಲ’ವೆಂದು ಯಾವ ವಿದ್ಯಾರ್ಥಿನಿಯೂ ಹೇಳುವುದಿಲ್ಲ, ಹೇಳಬಾರದು ಕೂಡ. ಆ ೨,೩೦೦ ಗಂಟೆಗಳಲ್ಲಿ ಆಕೆ ಪಡೆದುದೆಷ್ಟೋ ಕೊಟ್ಟುದೂ ಅಷ್ಟೇ ಇದೆ. ಹೀಗೆ ಕೊಡುವವಳ ಕೈಯಿಂದಲೇ ಆ ಗಂಟೆಗಳಿಗೂ ಶುಲ್ಕವನ್ನು ತೆಗೆದುಕೊಳ್ಳುವುದೆಂದರೆ ದುಡಿದವಳೇ ದುಡಿಮೆಗೆ ಬೆಲೆ ತೆತ್ತಂತಾಯಿತು. ಆಕೆ ಮುಂದೆ ಸೇರುವುದೂ ಬಹುಮಟ್ಟಿಗೆ ಸರಕಾರದ ಆಸ್ಪತ್ರೆಯನ್ನೇ. ಅಲ್ಲಿಯ ಸಂಬಳವನ್ನು ಗೊತ್ತುಮಾಡುವುದೂ ಸರಕಾರವೇ. ಸಾಲ ಕೊಡುವವನೂ ಸಂಬಳ ಕೊಡುವವನೂ ಸಂಬಳದಿಂದ ಸಾಲದ ಕಂತನ್ನು ಹಿಡಿಯುವವನೂ ಒಬ್ಬನೇ ಆದಾಗ ಅದನ್ನು ಉಳಿದ ವಿದ್ಯಾರ್ಥಿಗಳ ಸಾಲದೊಡನೆ ಹೋಲಿಸುವುದು ಸರಿಯಲ್ಲ.

ನೆರೆಹೊರೆಯ ನಾಡುಗಳು ಈ ದಾರಿಯನ್ನು ಹಿಡಿಯಲಿಲ್ಲವೆಂಬುದು ಗಮನಾರ್ಹ. ಸ್ಕಾಟ್ಲೆಂಡು ದಾದಿ ವಿದ್ಯಾರ್ಥಿಗಳ ವೇತನವನ್ನು ಉಳಿಸಿಕೊಂಡುದಷ್ಟೇ ಅಲ್ಲ, ೨೦೨೦ರಲ್ಲಿ ಅದನ್ನು ವರ್ಷಕ್ಕೆ ೧೦,೦೦೦ ಪೌಂಡಿಗೆ ಏರಿಸಿತು. ವೇಲ್ಸ್ ಕೂಡ ಉಳಿಸಿಕೊಂಡಿತು. ಪದವಿಯ ನಂತರ ಎರಡು ವರ್ಷ ತನ್ನ ನಾಡಿನಲ್ಲಿಯೇ ಸೇವೆ ಮಾಡುವ ಒಪ್ಪಂದವನ್ನು ಅದಕ್ಕೆ ಜೋಡಿಸಿತು. ನೈಟಿಂಗೇಲಳ ನಿಧಿಯ ಹಳೆಯ ಕಟ್ಟುಪಾಡು ಅಲ್ಲಿ ಹೊಸ ಉಡುಪಿನಲ್ಲಿ ಬಂದಂತಾಯಿತು. ಕೊನೆಗೆ ಇಂಗ್ಲೆಂಡಿನ ಸರಕಾರವೂ ೨೦೧೯ರ ಡಿಸೆಂಬರಿನಲ್ಲಿ ಅರ್ಧ ಹೆಜ್ಜೆ ಹಿಂದಿಟ್ಟಿತು. ೨೦೨೦ರ ಸೆಪ್ಟೆಂಬರಿನಿಂದ ದಾದಿಯರಿಗೂ ಪ್ರಸೂತಿ ದಾದಿಯರಿಗೂ ಹಲವು ಸಹವೈದ್ಯಕೀಯ ವಿದ್ಯಾರ್ಥಿಗಳಿಗೂ ಮರಳಿಸಬೇಕಾಗಿಲ್ಲದ ೫,೦೦೦ ಪೌಂಡು ವಾರ್ಷಿಕ ನೆರವು ಸಿಕ್ಕತೊಡಗಿತು. ಮಕ್ಕಳಿರುವವರಿಗೆ ೨,೦೦೦, ಕೊರತೆಯಿರುವ ವಿಭಾಗಗಳಲ್ಲಿ ಓದುವವರಿಗೆ ೧,೦೦೦ ಹೆಚ್ಚುವರಿ. ಶುಲ್ಕದ ಸಾಲ ಮಾತ್ರ ಹಾಗೆಯೇ ಉಳಿಯಿತು. ಮಹಾಮಾರಿಯ ಕಾಲದಲ್ಲಿ, ೨೦೨೧ರಲ್ಲಿ, ಬ್ರಿಟನ್ನಿನಲ್ಲಿ ಅರ್ಜಿಗಳು ಒಮ್ಮೆಲೆ ಮೂರರಲ್ಲೊಂದು ಪಾಲಿನಷ್ಟು ಏರಿದುವು. ಸೇವೆಯ ಹಿರಿಮೆಯನ್ನು ಜನ ಕಣ್ಣಾರೆ ಕಂಡ ವರ್ಷವದು. ಅನಂತರದ ವರ್ಷಗಳಲ್ಲಿ ಮತ್ತೆ ಇಳಿದುವು. ಉತ್ಸಾಹ ಹಣಕ್ಕೆ ಪೂರಕವಾಗಬಲ್ಲುದು. ಅದರ ಬದಲಿಗೆ ನಿಲ್ಲಲಾರದು.

ಬಿಟ್ಟ ಖರ್ಚು ಯಾರ ಮನೆಗೆ?

ಇಲ್ಲಿಯವರೆಗಿನ ಕಥೆ ಪರದೇಶದ್ದು. ಅದು ನಮ್ಮದಾಗುವುದು ಇಲ್ಲಿಂದ ಮುಂದೆ. ತನ್ನ ಮಕ್ಕಳನ್ನು ಸಾಕಷ್ಟು ಸಂಖ್ಯೆಯಲ್ಲಿ ದಾದಿಯರನ್ನಾಗಿ ಮಾಡಲಾರದ ದೇಶವೂ ವಾರ್ಡುಗಳನ್ನು ಮುಚ್ಚಲಾರದು. ೨೦೨೨–೨೩ರಲ್ಲಿ ಬ್ರಿಟನ್ನಿನ ದಾದಿಯರ ಹಾಗೂ ಪ್ರಸೂತಿ ದಾದಿಯರ ನೋಂದಣಿ ಪಟ್ಟಿಗೆ ಹೊಸದಾಗಿ ಸೇರಿದ ಸುಮಾರು ೫೨,೦೦೦ ಮಂದಿಯಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹೊರದೇಶಗಳಲ್ಲಿ ಕಲಿತವರು. ಹಾಗೆ ಹೋದವರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಭಾರತದ್ದು. ಇದಕ್ಕೆ ಕಾರಣಗಳು ಹಲವು. ವಿದ್ಯಾರ್ಥಿ ವೇತನವನ್ನು ನಿಲ್ಲಿಸಿದುದೊಂದೇ ಕಾರಣವೆನ್ನುವುದು ತಪ್ಪಾದೀತು. ಆದರೆ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಒಂದು ವಿಷಯ ಸ್ಪಷ್ಟ. ಹೀಗೆ ಹೋದ ಒಬ್ಬೊಬ್ಬ ದಾದಿಯ ಶಿಕ್ಷಣದ ಖರ್ಚನ್ನು ಲಂಡನ್ನಿನ ಬೊಕ್ಕಸ ಕೊಡಲಿಲ್ಲ; ಇಲ್ಲಿಯ ಒಂದು ಮನೆ ಕೊಟ್ಟಿತು.

ಆ ಮನೆ ಎಂಥದು? ನಮ್ಮ ನಾಡಿನಲ್ಲಿ, ಅದರಲ್ಲಿಯೂ ಬೆಂಗಳೂರು ಮಂಗಳೂರುಗಳಲ್ಲಿ, ಶುಶ್ರೂಷಾ ಕಾಲೇಜುಗಳು ಹೇರಳವಾಗಿವೆ. ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಅವು ನಡೆಯುತ್ತವೆ. ಅವುಗಳಲ್ಲಿ ಬಹುಪಾಲು ಖಾಸಗಿಯವು. ಕೇರಳದ ಹುಡುಗಿಯರೂ ನಮ್ಮ ಹಳ್ಳಿಗಳ ಹುಡುಗಿಯರೂ ಅಲ್ಲಿ ಜೊತೆಯಾಗಿ ಕಲಿಯುತ್ತಾರೆ. ನಾಲ್ಕು ವರ್ಷದ ಪದವಿಯ ಶುಲ್ಕಕ್ಕಾಗಿ ಬ್ಯಾಂಕಿನ ಶಿಕ್ಷಣ ಸಾಲ ತೆಗೆದವರು, ತಾಯಿಯ ಬಳೆಯನ್ನು ಅಡವಿಟ್ಟವರು, ತುಂಡು ಜಮೀನನ್ನು ಮಾರಿದವರು ಇಂಥ ತರಗತಿಗಳಲ್ಲಿ ಅಪರೂಪವಲ್ಲ. ಸರಕಾರದ ವಿದ್ಯಾರ್ಥಿ ವೇತನಗಳು ಇಲ್ಲವೆಂದಲ್ಲ. ಪರಿಶಿಷ್ಟರಿಗೂ ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಇವೆ. ಆದರೆ ಅವುಗಳನ್ನು ಕೊಡುವುದು ಜಾತಿ ವರ್ಗಗಳನ್ನೂ ಮನೆಯ ಆದಾಯವನ್ನೂ ನೋಡಿ. ಆಕೆ ವಾರ್ಡಿನಲ್ಲಿ ಸವೆಸಿದ ಇರುಳುಗಳನ್ನು ನೋಡಿ ಅಲ್ಲ.

ಸಾಲದ ಬಿಸಿ ಓದು ಮುಗಿದ ಮೇಲೆಯೇ ತಟ್ಟುವುದು. ೨೦೧೧–೧೨ರಲ್ಲಿ ಕೇರಳ, ಮುಂಬಯಿ, ದೆಹಲಿಗಳ ಖಾಸಗಿ ಆಸ್ಪತ್ರೆಗಳಲ್ಲಿ ದಾದಿಯರು ಮುಷ್ಕರ ಹೂಡಿದಾಗ ಎತ್ತಿದ ದೂರುಗಳಲ್ಲಿ ಎರಡು ಮುಖ್ಯವಾಗಿದ್ದುವು: ಸಂಬಳ ತೀರ ಕಡಿಮೆಯೆಂಬುದೊಂದು, ಗೊತ್ತಾದ ವರ್ಷ ದುಡಿಯುವ ಕರಾರನ್ನು ಬರೆಸಿಕೊಂಡು ಅರ್ಹತಾಪತ್ರಗಳನ್ನು ಆಸ್ಪತ್ರೆಯೇ ಇಟ್ಟುಕೊಳ್ಳುತ್ತದೆಂಬುದು ಇನ್ನೊಂದು. ವೇಲ್ಸಿನ ಎರಡು ವರ್ಷದ ಒಪ್ಪಂದಕ್ಕೂ ಈ ಕರಾರಿಗೂ ಇರುವ ಅಂತರವನ್ನು ನೋಡಬೇಕು. ಅಲ್ಲಿ ನಾಡು ಹುಡುಗಿಯ ಓದಿನ ಖರ್ಚನ್ನು ತಾನು ಕೊಟ್ಟು, ಅದಕ್ಕೆ ಪ್ರತಿಯಾಗಿ ಸೇವೆಯನ್ನು ಕೇಳುತ್ತದೆ. ಇಲ್ಲಿ ಖರ್ಚನ್ನು ಆಕೆಯೇ ಕೊಟ್ಟುಕೊಂಡಿದ್ದಾಳೆ. ಸೇವೆಯ ಋಣವೂ ಆಕೆಯ ತಲೆಯ ಮೇಲೆಯೇ. ಕೊಡದೆ ಕೇಳುವ ಋಣ ಯಾವ ಶಾಸ್ತ್ರದ್ದು? ಕಡಿಮೆ ಸಂಬಳದಲ್ಲಿ ಕಂತು ತೀರುವುದಿಲ್ಲವಾದುದರಿಂದ ಕೊಲ್ಲಿಯ ದೇಶಗಳ, ಬ್ರಿಟನ್ನಿನ ದಾರಿ ಕಾಣುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬಹುದಾಗಿದ್ದ ನುರಿತ ಕೈ ಹೀಗೆ ದೂರ ಹೋಗುತ್ತದೆ. ಹೋದವಳನ್ನು ದೂರುವ ಅಧಿಕಾರ ನಮಗಿಲ್ಲ. ಆಕೆ ಕಲಿಯುವಾಗ ನಾವು ಆಕೆಗೆ ಏನನ್ನೂ ಕೊಟ್ಟಿರಲಿಲ್ಲ.

ಪದವನ್ನು ನಿಜ ಮಾಡುವುದು

ಹೀಗಿರಲು ಮೊದಲ ಪ್ರಶ್ನೆಗೆ ಏನು ಉತ್ತರ? ದಾನವೆಂದರೆ ಪಡೆದವಳ ತಲೆ ತಗ್ಗುತ್ತದೆ. ಕೊಡುವವನ ಮನಸ್ಸು ಬದಲಾದ ದಿನ ಅದು ನಿಲ್ಲುತ್ತದೆ. ಸಾಲವೆಂದರೆ ಬಡವಳು ಬಾಗಿಲಲ್ಲಿಯೇ ಹಿಂದಿರುಗುತ್ತಾಳೆ. ಇಲ್ಲವೇ ತೀರಿಸಲು ದೇಶ ಬಿಡುತ್ತಾಳೆ. ಬರಿಯ ಸಂಬಳವೆಂದರೆ ಹಳೆಯ ಇಂಗ್ಲೆಂಡಿನಂತೆ ಆಕೆಯನ್ನು ಅಗ್ಗದ ಕೂಲಿಯಾಗಿ ಬಳಸಿಕೊಂಡು ಪಾಠವನ್ನು ಮರೆಯುವ ಅಪಾಯವುಂಟು. ಮೂರರ ದೋಷಗಳನ್ನೂ ಕಳೆದು ಗುಣಗಳನ್ನು ಉಳಿಸಿಕೊಳ್ಳುವ ದಾರಿ ಒಂದಿದೆ. ಪಾಠದ ಗಂಟೆಗಳಿಗೆ ಶುಲ್ಕವಿದ್ದರೂ ಇರಲಿ. ವಾರ್ಡಿನ ಗಂಟೆಗಳಿಗೆ ಶುಲ್ಕ ಬೇಡ. ಆ ಗಂಟೆಗಳಿಗೆ ಮನೆಯ ಆದಾಯವನ್ನು ಕೇಳದೆ, ಯಾರೂ ಕೈ ನೀಡಿ ಬೇಡದಂತೆ, ಗೊತ್ತಾದ ಹಣ ತಿಂಗಳು ತಿಂಗಳಿಗೆ ಸಲ್ಲಲಿ. ಹೋಗಿಬರುವ ಖರ್ಚನ್ನೂ ಇರುಳ ಪಾಳಿಯ ಊಟವನ್ನೂ ಆಸ್ಪತ್ರೆ ಕೊಡಲಿ. ಸೇವೆಯ ಒಪ್ಪಂದ ಬೇಕೆನಿಸಿದರೆ, ಓದಿನ ಖರ್ಚನ್ನು ಕೊಟ್ಟವರು ಮಾತ್ರ ಅದನ್ನು ಕೇಳಲಿ.

ಇದಕ್ಕೆ ಹಣ ಬೇಕು, ನಿಜ. ಆದರೆ ಹಣವನ್ನು ಉಳಿಸಿದೆವೆಂದು ಭಾವಿಸಿದ ಶ್ರೀಮಂತ ದೇಶವೊಂದು ಕೊನೆಗೆ ಪರದೇಶದ ಬಡವರ ಮನೆಯಿಂದ ಆ ಖರ್ಚನ್ನು ಪಡೆಯಬೇಕಾಗಿ ಬಂದುದನ್ನು ಕಂಡೆವು. ನಮಗಾದರೋ ಹಾಗೆ ಪಡೆಯಲು ಇನ್ನೊಂದು ಪರದೇಶವಿಲ್ಲ. ನಮ್ಮ ಹಿರಿಯರು ಒಳ್ಳೆಯ ಪದವೊಂದನ್ನು ಕೊಟ್ಟಿದ್ದಾರೆ. ಇರುಳೆಲ್ಲ ನಮ್ಮವರ ತಲೆಯ ಬಳಿ ನಿಂತು ಕಲಿಯುವ ಹುಡುಗಿಯ ಮಟ್ಟಿಗಾದರೂ ‘ವಿದ್ಯಾರ್ಥಿ ವೇತನ’ವೆಂಬ ಪದದ ಎರಡೂ ಭಾಗಗಳು ನಿಜವಾಗಲಿ: ಆಕೆ ನಿಜವಾಗಿ ವಿದ್ಯಾರ್ಥಿನಿಯಾಗಿರಲಿ, ಆಕೆಗೆ ಸಲ್ಲುವುದು ನಿಜವಾಗಿ ವೇತನವಾಗಿರಲಿ.